ನಾಲ್ಕು ಗಂಟೆಯ ಬೆಲ್ಲ

ನವೆಂಬರ್ 4, ಸೋಮವಾರ. ಸಂಜೆ 7

ಇವತ್ತು ಹನ್ನೊಂದು ಗ್ರಾನೈಟ್ ಸ್ಲ್ಯಾಬ್. ಎಲ್ಲದರ ಅಂಚು ತಿಕ್ಕುವುದೂ ನನ್ನ ಮತ್ತು ಜಹೀರನ ಪಾಲಿಗೆ. ಗ್ರೈಂಡರಿನ ಬ್ಲೇಡ್ ಎರಡು ಸಲ ಬದಲಿಸಿದೆವು. ಜಹೀರ ಊಟವಾದ ಮೇಲೆ ಒಂದು ತಾಸು ಗೋಡೆಗೆ ಒರಗಿ ಕೂತ. ಫ್ಯಾಕ್ಟರಿಯ ಸಾವ್ಕಾರರು ನೋಡಿಯೂ ನೋಡದ ಹಾಗೆ ಹೋದರು. ಒಳ್ಳೆಯವರೋ ಕೆಟ್ಟವರೋ, ಹತ್ತೊಂಬತ್ತು ವರ್ಷವಾದರೂ ನನಗೆ ತಿಳಿದಿಲ್ಲ.

ನಾಲ್ಕಕ್ಕೆ ಬೆಲ್ಲ ಬಂತು. ಎಂದಿನಂತೆ ಒಬ್ಬೊಬ್ಬರಿಗೆ ಒಂದು ಉಂಡೆ. ಗ್ರಾನೈಟ್ ಕೆಲಸದವನ ಎದೆಯ ದೂಳನ್ನು ಬೆಲ್ಲ ಕೆಳಗೆ ಇಳಿಸುತ್ತದಂತೆ. ಇಳಕಲ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅರ್ಧ ತಿಂದೆ. ಅರ್ಧ ಪೇಪರಿನಲ್ಲಿ ಸುತ್ತಿ ಜೇಬಿಗೆ. ಮಗಳು ಅಂಜನಾಗೆ ಹಲ್ಲು ಬಂದಾಗಿನಿಂದ ಆ ಅರ್ಧ ಅವಳದು. ಈಗ ಎಂಟನೇ ತರಗತಿ. ಬಾಗಿಲಲ್ಲೇ ಕೈ ಚಾಚುವುದು ಬಿಟ್ಟಿಲ್ಲ.

ಬೆಲ್ಲ ಬಾಯಲ್ಲಿಟ್ಟುಕೊಂಡೇ ಶುರು ಮಾಡಿದಳು. "ಅಪ್ಪಾ, ವಿಜ್ಞಾನ ಪ್ರದರ್ಶನ ಐತಿ. ಮುಂದಿನ ತಿಂಗಳ ಹನ್ನೆರಡಕ್ಕ, ಹುನಗುಂದದಾಗ. ಥರ್ಮಾಕೋಲ್ ಜ್ವಾಲಾಮುಖಿ ತಂದ್ರ ಒಳಗ ಬಿಡಂಗಿಲ್ಲ ಅಂದಾರ ನಮ್ಮ ಟೀಚರ್. ಏನರ ಅಳತಿ ಮಾಡಬೇಕಂತ."

"ಮಾಡು. ನಿಮ್ಮವ್ವನ ಸಿಟ್ಟು ಅಳತಿ ಮಾಡು."

ಸವಿತಾ ಮಗ್ಗದವರಿಗಾಗಿ ನೂಲಿನ ಕಂಡಿಕೆ ಸುತ್ತುತ್ತಿದ್ದವಳು ತಲೆ ಎತ್ತಲಿಲ್ಲ. "ಮೊದಲ ನಿಮ್ಮ ಗೊರಕಿ ಅಳತಿ ಮಾಡಸ್ರಿ."

ನಕ್ಕೆ. ನಗು ಕೆಮ್ಮಾಯಿತು. ನೀರು ಕುಡಿದೆ, ನಿಂತಿತು.

ನವೆಂಬರ್ 6, ಬುಧವಾರ

ಅಂಜನಾ ವಿಷಯ ಹುಡುಕಿಕೊಂಡು ಬಂದಿದ್ದಾಳೆ. 'ಬೆಲ್ಲ ನಮ್ಮ ಉಸಿರನ್ನು ಕಾಪಾಡುತ್ತದೆಯೇ?' ಟೀಚರ್ ಭೇಷ್ ಅಂದರಂತೆ. ಉಸಿರು ಅಳೆಯುವ ಯಂತ್ರ ಮನೆಯಲ್ಲೇ ಮಾಡಬಹುದಂತೆ.

"ನೀವೆಲ್ಲಾ ದಿನಾ ತಿಂತೀರಿ. ನಿಮ್ಮ ಉಸಿರು ಎಷ್ಟು ಗಟ್ಟಿ ಐತಿ ಅಂತ ಎಲ್ಲಾರಿಗೂ ತೋರಸ್ತೇನಿ."

"ನಿಂಬಿಹಣ್ಣಿನಿಂದ ಬಲ್ಬ್ ಹಚ್ಚೋದು ಮಾಡ್ಲೇ. ಚಂದ ಇರ್ತೈತಿ."

"ಹೋದ ವರ್ಷ ಮೂರು ಮಂದಿ ಮಾಡ್ಯಾರ. ನಿನಗ ಸಹಾಯ ಮಾಡ್ಲಿಕ್ಕೆ ಬ್ಯಾಸರೇನು?"

ಬೇಸರವಲ್ಲ. ಹೆದರಿಕೆ. ಇಲ್ಲಿ ಬರೆಯುವುದರಲ್ಲಿ ಏನು ನಾಚಿಕೆ? ಮಾರ್ಚ್‌ನಲ್ಲಿ ಗ್ರೈಂಡರಿಗೆ ಬ್ಲೇಡ್ ತರಲು ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಬಾಗಲಕೋಟೆಗೆ ಹೋಗಿ ಎಕ್ಸ್‌ರೇ ತೆಗೆಸಿದ್ದೆ. ಎದೆ ತುಂಬ ಬಿಳಿ ಚುಕ್ಕೆ. "ಕಲ್ಲಿನ ದೂಳ್ರಿ. ಒಳಗ ಕೂತೈತಿ, ಹೊರಗ ಬರಂಗಿಲ್ಲ. ಕೆಲಸ ಬಿಡ್ರಿ," ಅಂದರು ಡಾಕ್ಟರು. ದಿನಾ ಬೆಲ್ಲ ತಿನ್ನುತ್ತೇನೆ ಅಂದೆ. ಪಾಪ, ನಗಲಿಲ್ಲ. "ಬೆಲ್ಲ ಹೋಗೋ ದಾರಿ ಬ್ಯಾರೆ, ದೂಳು ಹೋಗೋ ದಾರಿ ಬ್ಯಾರೆ ಸೋಮಲಿಂಗಪ್ಪ."

ಫಿಲ್ಮು ಟ್ರಂಕಿನ ತಳದಲ್ಲಿದೆ. ಮೇಲೆ ಮದುವೆಯಲ್ಲಿ ತಲೆಗೆ ಸುತ್ತಿದ್ದ ಪಟಗ.

ನವೆಂಬರ್ 10, ಭಾನುವಾರ

ಯಂತ್ರ ತಯಾರು. ಐದು ಲೀಟರಿನ ನೀರಿನ ಕ್ಯಾನ್. ಗೌಂಡಿಗಳು ಮಟ್ಟ ನೋಡುವ ಪೈಪು ಒಂದು ಮಾರು. ದೊಡ್ಡ ಬೋಗುಣಿ. ಪಾವು ಲೀಟರಿನಂತೆ ನೀರು ಸುರಿಯುತ್ತ ಕ್ಯಾನಿನ ಮೈಮೇಲೆ ಗೆರೆ ಹಾಕಿದೆವು. ಗೆರೆ ಹಾಕುವುದು ನನ್ನ ಕೆಲಸವೇ. ಅರ್ಧ ನೂಲಿನಷ್ಟೂ ಸೊಟ್ಟ ಇಲ್ಲ. ಕ್ಯಾನ್ ತುಂಬಿ, ಬೋಗುಣಿಯ ನೀರಿನಲ್ಲಿ ತಲೆಕೆಳಗು ನಿಲ್ಲಿಸಿ, ಪೈಪಿನ ಒಂದು ತುದಿ ಒಳಗೆ. ಇನ್ನೊಂದರಿಂದ ಒಂದೇ ಉಸಿರಿಗೆ ಊದಬೇಕು. ಎಷ್ಟು ನೀರು ಕೆಳಗಿಳಿಯಿತೋ ಅಷ್ಟು ಉಸಿರು.

ಅಂಜನಾ ಎರಡೂವರೆ ಲೀಟರ್. ಸವಿತಾ ಎರಡೂ ಮುಕ್ಕಾಲು. ನನ್ನವ್ವ ಸಾವಂತ್ರವ್ವನಿಗೆ ಅರವತ್ತೆಂಟು ದಾಟಿದೆ. ಶಿವಯೋಗ ಮಂದಿರದ ಕಡೆ ಹೊಳೆದಂಡೆಯಲ್ಲಿ ಕುರಿ ಕಾದು ಬೆಳೆದವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಊದಿದಳು. ಎರಡು ಲೀಟರ್.

"ಕುರಿ ಹಿಂದ ಓಡಿದ ಎದಿ ಐತವ್ವಾ ಇದು," ಅಂತ ಪೈಪು ನನ್ನ ಕೈಗೆ ಕೊಟ್ಟಳು.

ಊದಿದೆ. ಒಂದೂವರೆಯ ಹತ್ತಿರ ಎದೆ ಖಾಲಿ. ಅಂಜನಾ ಬಗ್ಗಿ ಕ್ಯಾನ್ ನೋಡುತ್ತಿದ್ದಳು. ನನ್ನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಪೈಪಿಗೆ ನಾಲಿಗೆ ಅಡ್ಡ ಇಟ್ಟು, ಮೂಗಿನಿಂದ ಉಸಿರು ಎಳೆದು, ಮತ್ತೆ ಊದಿದೆ.

"ಮೂರು ಲೀಟರ್! ಅಪ್ಪಂದ ಎಲ್ಲಾರಕಿಂತ ಹೆಚ್ಚು!"

ಕುಣಿದಳು. ಮಗಳಿಗೆ ಮೋಸ ಮಾಡಿದ ಖುಷಿಯೂ ಒಂದು ಖುಷಿಯೇ. ಅವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

ನವೆಂಬರ್ 16, ಶನಿವಾರ. ಸಂಜೆ 6

ಸಾವ್ಕಾರರು ಒಪ್ಪಿದರು. ಬೆಲ್ಲದ ಹೊತ್ತಿಗೆ ಅಂಜನಾ ಕ್ಯಾನು, ಬೋಗುಣಿ ಹೊತ್ತು ಫ್ಯಾಕ್ಟರಿಗೆ ಬಂದಳು. ವಹಿಯಲ್ಲಿ ಹೆಸರು, ಬೆಲ್ಲ ತಿಂದ ವರ್ಷ, ಉಸಿರು ಅಂತ ಮೂರು ಮನೆ ಹಾಕಿದ್ದಳು.

ಕಾಶಪ್ಪ, ಹೊಸಬ, ಎರಡು ವರ್ಷ. ನಾಲ್ಕೂ ಕಾಲು ಲೀಟರ್. ಚಂದಪ್ಪ, ಒಂಬತ್ತು ವರ್ಷ. ಮೂರೂ ಕಾಲು. ಜಹೀರ, ಹದಿನೇಳು ವರ್ಷ. ಎರಡು. ಊದಿದ ಮೇಲೆ ಜಹೀರ ಕೆಳಗೆ ಕೂತು, ತುಟಿ ಒರೆಸಿಕೊಂಡು ನಕ್ಕ.

"ಎರಡ ಲೀಟರ್. ಪೆಟ್ರೋಲ್ ಆಗಿದ್ರ ಬಾಗಲಕೋಟಿ ಮುಟ್ಟತಿದ್ದೆ ನೋಡವ್ವಾ."

ಅಂಜನಾ ನಮ್ಮ ಜಾಗದಲ್ಲಿ ಅಡ್ಡಾಡಿದಳು. ಎಲ್ಲದಕ್ಕೂ ಪ್ರಶ್ನೆ. "ಜಹೀರ ಕಾಕಾ, ಇಲ್ಲಿ ನೀರಿನ ನಳ ಐತಲ್ಲ. ಯಾಕ ಬಂದ್ ಮಾಡೀರಿ?"

"ನೀರ ಬಿಟ್ರ ದೂಳ ಏಳಂಗಿಲ್ಲ, ಖರೆ. ಆದ್ರ ಚಾಕ್‌ಪೀಸಿನ ಗೆರಿ ತೊಳದು ಹೋಗ್ತೈತಿ. ಗೆರಿ ಇಲ್ಲಂದ್ರ ಅಂಚು ಸೊಟ್ಟ. ಸೊಟ್ಟ ಆದ ಕಲ್ಲಿಗೆ ಯಾರು ಬೆಲಿ ಕೊಡ್ತಾರ?"

ಆ ನಳ ಹಾಕಿಸಿದ್ದು ಸಾವ್ಕಾರರೇ. ಬಂದ್ ಮಾಡಿದ್ದು ನಾವೇ. ನಾನೇ ಮೊದಲು. ಅಂಚು ನೇರ ಇರಬೇಕು ಅನ್ನುವ ಸೊಕ್ಕು. ನೀರು ಹರಿಸಿ ತಿಕ್ಕುವವನು ಕೆಲಸ ಬರದವನು ಅಂತ ನಗುತ್ತಿದ್ದೆ. ಚಂದಪ್ಪನಿಗೂ ಹಾಗೆಯೇ ಕಲಿಸಿದೆ. ಈಗ ಕಾಶಪ್ಪನಿಗೆ ಚಂದಪ್ಪ ಕಲಿಸುತ್ತಿದ್ದಾನೆ.

ಅಂಜನಾ ತಲೆಯಾಡಿಸಿದಳು. ನಳದ ಮಾತು ವಹಿಯಲ್ಲಿ ಬರೆದುಕೊಳ್ಳಲಿಲ್ಲ. ಅದಕ್ಕೆ ಮನೆ ಹಾಕಿರಲಿಲ್ಲ.

ನವೆಂಬರ್ 19, ಮಂಗಳವಾರ

ಗ್ರಾಫ್ ಹಾಳೆ ತಂದು ಪಡಸಾಲೆಯಲ್ಲಿ ಕೂತೆವು. ಅಡ್ಡಕ್ಕೆ ಬೆಲ್ಲ ತಿಂದ ವರ್ಷ. ಮೇಲಕ್ಕೆ ಲೀಟರ್. ಕಾಶಪ್ಪನ ಚುಕ್ಕೆ ಮೇಲೆ. ಚಂದಪ್ಪನದು ಅದಕ್ಕಿಂತ ಕೆಳಗೆ. ಜಹೀರನದು ಇನ್ನೂ ಕೆಳಗೆ. ಅಂಜನಾ ಪಟ್ಟಿ ಇಟ್ಟು ಗೆರೆ ಎಳೆದಳು. ಮೂರೂ ಚುಕ್ಕೆ ಗೆರೆಯ ಮೇಲೆ. ಬೆರಳಿನಿಂದ ಗೆರೆಯನ್ನು ಮೇಲಿನಿಂದ ಕೆಳಗೆ ಸವರಿದಳು.

"ಅಪ್ಪಾ. ಬೆಲ್ಲ ತಿಂದಷ್ಟೂ ಉಸಿರು ಕಡಿಮಿ ಆಗೇತಿ."

ನಾನು ಪೆನ್ಸಿಲ್ ಕೆತ್ತತೊಡಗಿದೆ.

"ಬೆಲ್ಲ ಛಲೋದಲ್ಲ. ಬೆಲ್ಲಾನ ಎದಿ ಕೆಡಸಾಕ ಹತ್ತೇತಿ! ಎಲ್ಲಾರೂ ತಪ್ಪು ತಿಳಕೊಂಡಾರ!" ನಂತರ ನನ್ನ ಚುಕ್ಕೆ ಇಟ್ಟಳು. ಹತ್ತೊಂಬತ್ತು ವರ್ಷ, ಮೂರು ಲೀಟರ್. ಗೆರೆ ಬಿಟ್ಟು ಎಷ್ಟೋ ಮೇಲೆ ಒಂಟಿಯಾಗಿ ನಿಂತಿತು. ಅದಕ್ಕೂ ಉತ್ತರ ಸಿಕ್ಕಿತು ಅವಳಿಗೆ. "ನೀ ಅರ್ಧಾನ ತಿಂತಿ. ಅದಕ್ಕ ನಿನ್ನ ಎದಿ ಉಳದೈತಿ." ಹಾಗೆ ಅಂದವಳ ಮುಖ ಇಳಿಯಿತು. "ಉಳದ ಅರ್ಧ ನಾ ತಿಂದೇನಲ್ಲ ಅಪ್ಪಾ…"

ಆಗಲೇ ಹೇಳಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ದೂಳು ಅಂದರೆ ಕೆಲಸ ಬಿಡು ಅನ್ನುತ್ತಾಳೆ. ನನಗೆ ಬರುವುದು ಅಂಚು ತಿಕ್ಕುವುದೊಂದೇ. "ನಿನಗೇನೂ ಆಗಂಗಿಲ್ಲ ಬಿಡ್ಲೇ," ಅಂತ ಎದ್ದು ಹೊರಗೆ ಹೋದೆ. ಹೇಡಿ.

ನವೆಂಬರ್ 20, ಬುಧವಾರ

ಬಾಗಿಲಲ್ಲಿ ಕೈ ಚಾಚಲಿಲ್ಲ. ಪೇಪರಿನ ಪುಡಿಕೆ ಕಸಿದು ಹಿತ್ತಲಿಗೆ ಎಸೆದಳು. "ಇನ್ನ ಮ್ಯಾಲೆ ತಿನ್ನಂಗಿಲ್ಲ ಅಂತ ಬೀರಪ್ಪನ ಆಣಿ ಮಾಡು."

ಮಾಡಿದೆ. ಇಷ್ಟು ಸುಲಭದ ಆಣೆ ಜನ್ಮದಲ್ಲಿ ಮಾಡಿಲ್ಲ.

ನವೆಂಬರ್ 23, ಶನಿವಾರ. ಬೆಳಿಗ್ಗೆ

ಅಂಜನಾ ಎದ್ದ ಕೂಡಲೇ ಅಂಗಳದಲ್ಲಿ ಕ್ಯಾನ್ ಇಟ್ಟುಕೊಂಡು ತಾನೇ ಊದಿ ನೋಡಿಕೊಳ್ಳುತ್ತಾಳೆ. ದಿನಾ. ಎರಡೂವರೆಗಿಂತ ಒಂದು ಕೂದಲೆಳೆ ಕಡಿಮೆ ಬಂದರೂ ಮುಖ ಬಾಡುತ್ತದೆ. ನಿನ್ನೆ ಸವಿತಾಳನ್ನು ಕೇಳುತ್ತಿದ್ದಳು: "ಅವ್ವಾ, ತಿಂದದ್ದು ಹೊಳ್ಳಿ ಹೊರಗ ಬರಂಗಿಲ್ಲೇನು?"

ನನ್ನ ಎದೆಯ ರೋಗ ಮಗಳ ತಲೆಗೆ ಹತ್ತಿಸಿ ಕೂತಿದ್ದೇನೆ. ಇವತ್ತು ಹೇಳುತ್ತೇನೆ.

ಡಿಸೆಂಬರ್ 8, ಭಾನುವಾರ

ಹೇಳಲಿಲ್ಲ.

ಜಹೀರ ಹೋದ. ಹತ್ತು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ. ಟಿಬಿ ಅಂತ ಎರಡು ಸಲ ಆರಾರು ತಿಂಗಳು ಗುಳಿಗೆ ನುಂಗಿದ್ದ. ಟಿಬಿ ಇರಲೇ ಇಲ್ಲ. ಗುರುವಾರ ಬಾಗಲಕೋಟೆಗೆ ಒಯ್ದರು. ನಿನ್ನೆ ಅಲ್ಲಿಂದಲೇ ತಂದರು.

ಮಣ್ಣು ಕೊಟ್ಟು ಬಂದೆವು. ಮೂರು ಹಿಡಿ. ಕೈ ಜಾಡಿಸಿದಾಗ ದೂಳು ಎದ್ದಿತು. ಚಂದಪ್ಪ, ಕಾಶಪ್ಪ, ನಾನು ಮೂವರೂ ಮೂಗು ಮುಚ್ಚಿಕೊಂಡೆವು. ಜೀವಮಾನದಲ್ಲಿ ಮೊದಲ ಸಲ.

ಅವನ ಹೆಂಡತಿ ರಂಜಾನಬಿ ಅವನ ಅಂಗಿ ಜೇಬಿನಿಂದ ಬೆಲ್ಲದ ಪುಡಿಕೆ ತೆಗೆದು ನನ್ನ ಕೈಗಿಟ್ಟಳು. "ನಿಮ್ಮ ಅಂಜನಾಗ ಅಂತ ಇಟ್ಟಿದ್ರು ಅಣ್ಣಾ. ಆಕಿ ಅಪ್ಪಂದು ತಿನ್ನೋದು ಬಿಟ್ಟಾಳಂತ, ನಂದು ತಿಂತಾಳೇನೋ ಅಂದಿದ್ರು."

ಇರುವೆ ಮುತ್ತಿತ್ತು. ಇನ್ನೂ ಬಿಸಾಡಿಲ್ಲ.

ಡಿಸೆಂಬರ್ 12, ಗುರುವಾರ. ಹುನಗುಂದದಿಂದ ಬಂದು

ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಅಂಜನಾ ಎರಡು ಜಡೆ, ಬಿಳಿ ರಿಬ್ಬನ್. ಚಾರ್ಟಿನ ಮೇಲೆ ಕೆಂಪು ಅಕ್ಷರ: 'ಬೆಲ್ಲ ಉಸಿರನ್ನು ಕೊಲ್ಲುತ್ತದೆ.' ಮಂದಿ ನಿಂತು ನಿಂತು ನೋಡಿದರು. ಒಂದಿಷ್ಟು ಹುಡುಗಿಯರು ಕಿಸಕ್ಕನೆ ನಕ್ಕರು.

ನಿರ್ಣಾಯಕರು ಬಂದರು. ವಯಸ್ಸಾದವರು, ಕಾಲೇಜಿನಲ್ಲಿ ಪಾಠ ಮಾಡಿದವರಂತೆ. ಎಲ್ಲ ಕೇಳಿ ಜಹೀರನ ಚುಕ್ಕೆಯ ಮೇಲೆ ಬೆರಳಿಟ್ಟರು.

"ಇವರು ಯಾರವ್ವಾ?"

"ಜಹೀರ ಕಾಕಾರಿ. ಹೋದ ವಾರ ತೀರಿಕೊಂಡ್ರು."

ಅವರು ಕನ್ನಡಕ ತೆಗೆದರು. "ಏನ್ ಕೆಲಸ ಮಾಡ್ತಿದ್ರು?"

"ಗ್ರಾನೈಟ್ ಅಂಚು ತಿಕ್ತಿದ್ರು. ಎಲ್ಲಾರೂ ಅದ ಕೆಲಸಾರಿ."

"ನಿಮ್ಮ ಮನ್ಯಾಗ ಭಾಳ ವರ್ಷದಿಂದ ಬೆಲ್ಲ ತಿನ್ನೋರು ಯಾರು?"

"ನಮ್ಮಮ್ಮಾರಿ, ಅಪ್ಪನ ಅವ್ವ. ಸಣ್ಣಾಕಿ ಇದ್ದಾಗಿಂದ, ದಿನಾ ಚಾದ ಜೋಡಿ."

"ಅವರ ಉಸಿರು?"

"ಎರಡು ಲೀಟರ್… ಜಹೀರ ಕಾಕಾನಷ್ಟ." ಅಲ್ಲಿಗೆ ನಿಂತಳು. ಅರವತ್ತು ವರ್ಷದ ಬೆಲ್ಲ, ಹದಿನೇಳು ವರ್ಷದ ಬೆಲ್ಲ. ಲೆಕ್ಕ ಹಾಕುತ್ತಿರುವುದು ಅವಳ ಕಣ್ಣಲ್ಲಿ ಕಾಣುತ್ತಿತ್ತು.

ಅವರು ಗ್ರಾಫಿನ ಅಡಿಯ 'ಬೆಲ್ಲ ತಿಂದ ವರ್ಷ'ದಲ್ಲಿ ಪೆನ್ಸಿಲಿನಿಂದ 'ಬೆಲ್ಲ ತಿಂದ' ಅನ್ನುವುದನ್ನು ಮೆಲ್ಲಗೆ ಹೊಡೆದು ಹಾಕಿದರು. 'ವರ್ಷ' ಉಳಿಯಿತು. "ಅಳತಿ ಭಾಳ ಛಲೋ ಮಾಡೀದಿ. ಇಲ್ಲಿ ಏನ್ ಬರೀಬೇಕು ಅನ್ನೋದು ನೀನ ಯೋಚನಿ ಮಾಡು."

ಅಂಜನಾ ತಿರುಗಿ ನನ್ನನ್ನು ನೋಡಿದಳು. ನಾನು ಪಕ್ಕದ ಟೇಬಲಿನ ನಿಂಬೆಹಣ್ಣಿನ ಬಲ್ಬು ನೋಡುತ್ತ ನಿಂತೆ.

ಸಮಾಧಾನಕರ ಬಹುಮಾನ. ಒಂದು ಕಂಪಾಸ್ ಪೆಟ್ಟಿಗೆ. ಇಳಕಲ್‌ನಲ್ಲಿ ಬಸ್ ಇಳಿಯುವಾಗ ಕೇಳಿದಳು:

"ನಿನಗ ಗೊತ್ತಿತ್ತೇನು ಅಪ್ಪಾ?"

"ಹೂಂ."

"ಮತ್ತ ನನ್ನ ಯಾಕ ಅಲ್ಲಿ ನಿಲ್ಲಿಸಿದಿ?"

ಡಿಸೆಂಬರ್ 13

ಅಂಜನಾ ಮಾತಾಡುತ್ತಿಲ್ಲ. ಇವತ್ತು ನಳದ ನೀರು ಹರಿಸಿ ತಿಕ್ಕಿದೆ. ಎರಡು ಅಂಚು ಸೊಟ್ಟವಾದವು. ಕಾಶಪ್ಪ ನಕ್ಕ.

ಡಿಸೆಂಬರ್ 15, ಭಾನುವಾರ. ಬೆಳಿಗ್ಗೆ 11

ಅಂಗಳದಲ್ಲಿ ಕ್ಯಾನ್ ಇಟ್ಟು ಕರೆದಳು. ಹೊಸ ಹಾಳೆ. ಅಡ್ಡಕ್ಕೆ 'ಕಲ್ಲಿನ ದೂಳಿನಲ್ಲಿ ಕೆಲಸ ಮಾಡಿದ ವರ್ಷ.' ಕಂಪಾಸಿನ ಹೊಸ ಪಟ್ಟಿಯಿಂದ ಗೆರೆಯನ್ನು ಮುಂದಕ್ಕೂ ಎಳೆದಿದ್ದಾಳೆ. ಮೂವತ್ತು ವರ್ಷದ ಹತ್ತಿರ ಗೆರೆ ನೆಲ ಮುಟ್ಟುತ್ತದೆ. ನಾನು ನೋಡಿದ್ದು ಕಂಡು ಅದರ ಮೇಲೆ ಅಂಗೈ ಇಟ್ಟಳು.

"ಗೆರಿ ಪ್ರಕಾರ ನಿಂದು ಒಂದೂ ಮುಕ್ಕಾಲರ ಹತ್ರ ಬರಬೇಕು. ಮೂರು ಹ್ಯಾಂಗ ಬಂತು? ಖರೆ ಊದು. ಈ ಸಲ ನಾ ಕ್ಯಾನ್ ನೋಡಂಗಿಲ್ಲ. ನಿನ್ನ ನೋಡ್ತೇನಿ."

ಎರಡು ಬೆರಳಿನಿಂದ ನನ್ನ ಮೂಗು ಹಿಡಿದಳು. ಸಣ್ಣವಳಿದ್ದಾಗ ಹೆಗಲ ಮೇಲೆ ಕೂತು ಹೀಗೆಯೇ ಹಿಡಿಯುತ್ತಿದ್ದಳು. ಸವಿತಾ ಕಂಡಿಕೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಅವ್ವ ಬಗ್ಗಿ ಕ್ಯಾನ್ ನೋಡಿದಳು.

ಊದಿದೆ. ಒಂದೂವರೆ.

ಗೆರೆಗಿಂತಲೂ ಕೆಳಗೆ. ಅಂಜನಾ ಬರೆದುಕೊಳ್ಳಲಿಲ್ಲ. "ಅಮ್ಮ ತಪ್ಪು ನೋಡ್ಯಾಳ. ಇನ್ನೊಮ್ಮೆ ಊದು."

ಒಂದೂ ಕಾಲು.

"ಪೈಪಿನಾಗ ಗಾಳಿ ಸೋರಾಕ ಹತ್ತೇತಿ. ಇನ್ನೊಮ್ಮೆ ಊದಪಾ." ಮೂಗು ಹಿಡಿದ ಬೆರಳು ತಾನೇ ಬಿಟ್ಟಳು. ಮುಖ ಆ ಕಡೆ ತಿರುಗಿಸಿಕೊಂಡು ಕ್ಯಾನನ್ನೇ ನೋಡುತ್ತ ನಿಂತಳು. ಬೇಕಾದರೆ ಮೋಸ ಮಾಡು ಅನ್ನುವ ಹಾಗೆ.

ಆಗಲಿಲ್ಲ. ಕೆಮ್ಮು ಬಂತು. ಒಳಗೆ ಬಂದು ಕೂತಿದ್ದೇನೆ. ಸವಿತಾ ಎಕ್ಸ್‌ರೇ ಇರುವ ಟ್ರಂಕಿನ ಕೀಲಿ ಕೇಳಿದಳು, ಕೊಟ್ಟೆ. ಹೊರಗೆ ನೀರು ಸುರಿಯುವ ಸದ್ದು. ಅಂಜನಾ ಕ್ಯಾನ್ ಮತ್ತೆ ತುಂಬುತ್ತಿದ್ದಾಳೆ. "ಅಪ್ಪಾ ಬಾ, ಈಗ ಬರೋಬ್ಬರಿ ಕಟ್ಟೇನಿ, ಸೋರಂಗಿಲ್ಲ." ಹೋಗಬೇಕು. ಹೋಗಿ ಹೇಳಬೇಕು. ಎಲ್ಲೂ ಸೋರುತ್ತಿಲ್ಲ ಅಂಜನಾ, ನಿನ್ನ ಯಂತ್ರ ಸರಿಯಾಗಿಯೇ ಇದೆ.