ಐದನೆಯ ಬೊಟ್ಟು

ಶಂಕರಪುರಂ,
೧೧ ಮೇ ೨೦೨೫

ಪ್ರೀತಿಯ ದೀಪ್ತಿ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಬೈಯುವುದಿದ್ದರೆ ಈಗಲೇ ಬೈದು ಮುಗಿಸು; ಮುಂದೆ ಇನ್ನಷ್ಟು ಕಾರಣ ಒದಗಿಸಲಿದ್ದೇನೆ. ಮೈಸೂರಿನಲ್ಲಿ ಎಲ್ಲರೂ ಕ್ಷೇಮವೇ? ನಿನ್ನ ಮಂಡಿನೋವು ಹೇಗಿದೆ?

ನೀನು ಕೇಳಿದ್ದು ಒಂದೇ ಪ್ರಶ್ನೆ: ಮೂರು ತಿಂಗಳ ಆ ಡಿಸೈನ್ ಕೋರ್ಸು ನಾನು ಸೇರಿದರೆ ಬೇರೆ ಕೆಲಸ ಸಿಗುತ್ತದೆಯೇ, ಇಲ್ಲ ಇರುವುದೂ ಹೋಗುತ್ತದೆಯೇ? ಇಷ್ಟು ವರ್ಷ ಬೋರ್ಡಿನ ಮೇಲೆ ವೃತ್ತ ಬರೆದ ಗಣಿತದ ಮೇಡಂ ಈಗ ವೃತ್ತಿಯನ್ನೇ ಒರೆಸಿ ಬರೆಯಲು ಹೊರಟರೆ ಮನೆಯವರು ಸುಮ್ಮನಿರುತ್ತಾರೆಯೇ? ಸ್ವಂತ ಅಣ್ಣ ಶೀನಣ್ಣನೇ ಕಾಫಿ ಲೋಟ ಕೆಳಗಿಟ್ಟು, "ಈ ವಯಸ್ಸಲ್ಲಿ ಜನ ಸನ್ಯಾಸ ತಗೋತಾರೆ ಕಣೇ, ನೀನು ವಿನ್ಯಾಸ ತಗೋತೀನಿ ಅಂತೀಯಲ್ಲ" ಎಂದ. ಜೋಕು ಚೆನ್ನಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಮಾಡಿಯೇ ತೋರಿಸೋಣವೆಂದು ಅವನ ಮಗಳು ಐಶ್ವರ್ಯಳ ಲಗ್ನಪತ್ರಿಕೆಯನ್ನು ನಾನೇ ವಿನ್ಯಾಸ ಮಾಡಿದೆ. ಶಂಖಚಕ್ರ ಪುಟ್ಟದು, ಖಾಲಿ ಜಾಗ ಧಾರಾಳ. ಛತ್ರದ ವಿಳಾಸ ಗಿಜಿಗಿಜಿ ಎನ್ನಿಸಿತೆಂದು ತೆಗೆದುಹಾಕಿ, ಕೆಳಗಿನ ಬಲಮೂಲೆಯಲ್ಲಿ ಕ್ಯೂಆರ್ ಕೋಡ್ ಕೂರಿಸಿದೆ. ಫೋನು ಹಿಡಿದರೆ ದಾರಿ ತಾನೇ ಕಾಣುತ್ತದಲ್ಲ.

ಪತ್ರಿಕೆ ಪ್ರೆಸ್ಸಿನಿಂದ ಬಂದ ದಿನ ಅಮ್ಮ ಅರಿಶಿನದ ಬಟ್ಟಲು ಹಿಡಿದು ಕೂತಳು. ನಾಲ್ಕೂ ಮೂಲೆಗೆ, ಹೆಬ್ಬೆರಳಿನಲ್ಲಿ, ಭಕ್ತಿಯಿಂದ, ಒಂದನ್ನೂ ಬಿಡದೆ, ಕೋಡಿನ ಮೇಲೂ. ವಾರದೊಳಗೆ ಮಲ್ಲೇಶ್ವರದ ಅತ್ತೆಯ ಫೋನು: "ಗೋದಾ, ಮದುವೆ ಎಲ್ಲಿ ಅಂತ ಹೇಳೋಕೇ ಇಷ್ಟ ಇಲ್ವೇನೇ? ಕರೀಬಾರದು ಅಂತಿದ್ರೆ ನೇರವಾಗಿ ಹೇಳ್ಬಿಡಿ." ಅರಿಶಿನದ ಮೂಲೆ ನೋಡಿಕೊಂಡೇ ಬೆಳೆದವಳು ನಾನು, ಕಂಪ್ಯೂಟರ್ ಮುಂದೆ ಕೂತೊಡನೆ ಮರೆತೇಬಿಟ್ಟೆ.

"ನಾನು ಮೊದಲೇ ಹೇಳಿದ್ದೆ" ಎಂದ ಶೀನಣ್ಣ. ಹೇಳಿರಲಿಲ್ಲ.

ಅದೇ ಕೋರ್ಸು ಮುಗಿಸಿ, ಬಹಳ ಅಲೆದು ಕೆಲಸ ಹಿಡಿದ ನನ್ನ ಹಳೆಯ ವಿದ್ಯಾರ್ಥಿ ನಿತೀಶನನ್ನು ಕೇಳಿದೆ. "ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡಲ್ಲ ಮೇಡಂ. ಕ್ಲಾಸಿನೋರೆಲ್ಲ ಒಂದೇ ಥರ ಫುಡ್ ಆ್ಯಪ್ ಮಾಡಿದ್ವಿ. ಇಂಟರ್‌ವ್ಯೂಲಿ ಆಕಳಿಸ್ತಾರೆ. ನೀವು ಈ ಅರಿಶಿನದ ಕಥೆ ಹೇಳಿ, ಎದ್ದು ಕೂತ್ಕೋತಾರೆ."

"ಹಾಗಾದ್ರೆ ಕೋರ್ಸ್ ಬೇಡ್ವೇನೋ?"

"ಬೇಕು ಮೇಡಂ. ಅಲ್ಲಿ ಬೈಯೋರಿಗೆ ಯಾಕೆ ಬೈತಿದೀವಿ ಅಂತ ಗೊತ್ತಿರುತ್ತೆ."

ಮನೆಯಲ್ಲಿ ಆ ಸೌಕರ್ಯವಿಲ್ಲ. ಸೇರುತ್ತಿದ್ದೇನೆ ದೀಪ್ತಿ. ರಾಜೀನಾಮೆಯಲ್ಲ, ಸಂಬಳವಿಲ್ಲದ ರಜೆ. ಕೋರ್ಸೇ ಕೆಲಸ ಕೊಡಿಸುತ್ತದೆಂಬ ಭ್ರಮೆಯಿಲ್ಲ. ಯಾರ ಅಪ್ಪಣೆಗೂ ಕಾಯುತ್ತಿಲ್ಲ.

ಪತ್ರಿಕೆ ಮತ್ತೆ ಅಚ್ಚಾಯಿತು. ಕೋಡು ನಡುವೆ, ವಿಳಾಸ ದಪ್ಪಕ್ಷರದಲ್ಲಿ, ಮೂಲೆಗಳು ಅಮ್ಮನಿಗೆ. ಅದನ್ನು ನೋಡಿದಾಗಿನಿಂದ ಶೀನಣ್ಣ ನನ್ನೊಡನೆ ಮಾತಾಡುತ್ತಿಲ್ಲ. ನಿನ್ನ ಪ್ರತಿ ಇದರ ಜೊತೆಗಿದೆ. ಮದುವೆಗೆ ತಪ್ಪದೆ ಬಾ.

ಮಕ್ಕಳಿಗೆ ಆಶೀರ್ವಾದ. ನಿನ್ನ ಮಂಡಿಗಳಿಗೂ.

ನಿನ್ನ
ಗೋದಾ

ತಾ.ಕ.: ಅವನು ಮಾತು ಬಿಟ್ಟದ್ದು ಅರಿಶಿನಕ್ಕಲ್ಲ. ಮೊದಲ ಸಲ, ಆಗಮನ ಕೋರುವವರ ಸಾಲಿನಿಂದ ನನ್ನ ಹೆಸರು ತೆಗೆಸಿದ್ದ. "ಗಂಡನ್ನ ಬಿಟ್ಟು ಬಂದೋಳ ಹೆಸರು ಬೇಡಮ್ಮ, ಬೀಗರು ಏನಂದ್ಕೋತಾರೆ" ಎಂದು, ಮೆಲ್ಲಗೆ, ಪ್ರೀತಿಯಿಂದಲೇ. ನಾನೇ ಅಳಿಸಿ, ಜಾಗ ಖಾಲಿ ಕಾಣದಂತೆ ಉಳಿದ ಹೆಸರುಗಳನ್ನು ಹತ್ತಿರ ಸರಿಸಿದೆ. ಯಾರಿಗೂ ಗೊತ್ತಾಗಲಿಲ್ಲ, ಕೆಲಸ ಅಷ್ಟು ಚೆನ್ನಾಗಿತ್ತು. ಎರಡನೆಯ ಸಲ ಅವನನ್ನು ಕೇಳಲಿಲ್ಲ. ನನ್ನ ಹೆಸರು ಎಲ್ಲಿದೆಯೆಂದು ಹುಡುಕಬೇಕಿಲ್ಲ. ಪಕ್ಕದಲ್ಲಿ ಐದನೆಯ ಅರಿಶಿನದ ಬೊಟ್ಟಿದೆ. ಅದನ್ನು ನಾನು ಹೇಳಿ ಇಡಿಸಿದ್ದಲ್ಲ.