ಗಾಳಿಗೆಂದು ಮಾಡಿದ ಕದಗಳು

ಬಂದರು ಶಾಲೆಯ ಮಹಡಿ,
ಸೋಮವಾರ

ಪುಟ್ಟಿಯ ಅಪ್ಪನಿಗೆ,

ಬೇರೆ ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಕರೆದಿದ್ದೇನೆ. ಬೇಸರಪಡಬೇಡಿ. ಪುಟ್ಟಿ ಚೆನ್ನಾಗಿದ್ದಾಳೆ. ಊಟ ಮಾಡುತ್ತಾಳೆ, ತಲೆ ಬಾಚಿಸಿಕೊಳ್ಳುತ್ತಾಳೆ, ನಿಮ್ಮ ಹಾಗೆಯೇ ಎಲ್ಲದಕ್ಕೂ ವಾದ ಮಾಡುತ್ತಾಳೆ. ನಾನೂ ಇದ್ದೇನೆ.

ನಿಮ್ಮ ಕಾಗದ ಕೈಸೇರಿತು. ಬಿರುಗಾಳಿಯನ್ನು ಕಿಟಕಿಯ ಕದಗಳು ತಡೆದವೇ ಎಂದು ಕೇಳಿದ್ದೀರಿ. ತಡೆದವು. ಕಡಲ ಬೀದಿಯ ಹಳೆಯ ಮನೆಗಳಿಗೆ ಕಬ್ಬಿಣದ ಷಟರ್ ಹಾಕಿದರೆ ಅಂದ ಕೆಡುತ್ತದೆ ಎಂದು ಪುರಾತನ ಕಟ್ಟಡಗಳ ಕಚೇರಿಯವರು ಹಟ ಹಿಡಿದಾಗ, ನೋಡಲು ಹಳೆಯದರಂತೆಯೇ ಇರುವ, ಒಳಗೆ ಉಕ್ಕಿನ ಪಟ್ಟಿ ಅಡಗಿಸಿದ ಮರದ ಕದಗಳನ್ನು ಮಾಡಿದಿರಲ್ಲ. ಕೂರಿಸಿ ಮುಗಿಸಿ, "ಗಾಳಿ ಬಗ್ಗೆ ಮಾತು ಕೊಡ್ತೀನಿ, ಕಡಲಿನ ಬಗ್ಗೆ ಕೊಡಲ್ಲ. ಈ ಮನೆ ಬಿಡು" ಎಂದಿರಿ. ಅಮ್ಮನ ಮನೆ, ಬಿಡುವುದಿಲ್ಲ ಎಂದೆ. ಉಳಿ ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಹೊರಟೇಬಿಟ್ಟಿರಿ. ಅವೇ ಕದಗಳು. ಒಂದು ತಿರುಪೂ ಸಡಿಲವಾಗಲಿಲ್ಲ. ಪಕ್ಕದ ಮನೆಯ ಹೆಂಚು ಹಾರಿ ಬಂದು ಬಡಿದರೂ ಬಣ್ಣವಷ್ಟೇ ಕಿತ್ತುಹೋಯಿತು.

ಇಷ್ಟಕ್ಕೇ ನಿಲ್ಲಿಸಿಬಿಡೋಣ ಎಂದುಕೊಂಡಿದ್ದೆ. ಆದರೆ ನಿಮ್ಮ ಕಾಗದದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಅಲ್ಲಿ ನೀವು ಕದ ಕೂರಿಸಿಕೊಟ್ಟ ಮನೆಗಳವರು, ಇನ್ನು ಎಚ್ಚರಿಕೆಯ ಗಂಟೆ ಬಾರಿಸಿದರೂ ಮನೆ ಬಿಟ್ಟು ಹೋಗುವುದಿಲ್ಲ ಎನ್ನುತ್ತಿದ್ದಾರಂತೆ. ಹೆಮ್ಮೆಯಿಂದ ಬರೆದಿದ್ದೀರಿ.

ಗಂಟೆ ಬಾರಿಸಿದ ಮೇಲೆ ಜನರನ್ನು ಶಿಬಿರಕ್ಕೆ ಕರೆದೊಯ್ಯಲು ನಮ್ಮ ಬೀದಿಗೂ ಬಸ್ಸು ಬಂದಿತ್ತು. ಬೀದಿಯವರೆಲ್ಲ ಹತ್ತಿದರು. ಎದುರುಮನೆಯ ಬೇಕರಿಯಮ್ಮ ಹತ್ತಿ ಕೂತವರು, ನಾನು ಕದ ಮುಚ್ಚುವುದನ್ನು ನೋಡಿ ಇಳಿದು ಬಂದರು. ಮಗ ಕೈಹಿಡಿದು ಎಳೆದರೂ ಕೇಳಲಿಲ್ಲ. "ಆ ಜನಜಂಗುಳೀಲಿ ಮಲಗೋಕೆ ನಂಗಾಗಲ್ಲಪ್ಪ. ಈ ಕದ ಇರೋವಾಗ ಆನೆ ಬಂದು ಗುದ್ದಿದ್ರೂ ಏನಾಗಲ್ಲ" ಎಂದರು. ನಾನೂ ಬನ್ನಿ ಬನ್ನಿ ಎಂದೆ.

ಮಧ್ಯಾಹ್ನವೆಲ್ಲ ನಗುತ್ತಲೇ ಇದ್ದೆವು. ಹೊರಗೆ ಗಾಳಿ ಊಳಿಡುತ್ತಿದ್ದರೆ ಒಳಗೆ ದೀಪದ ಕುಡಿಯೂ ಅಲುಗುತ್ತಿರಲಿಲ್ಲ. ಬೇಕರಿಯಮ್ಮ ಪುಟ್ಟಿಗೆ ಹಿಟ್ಟು ನಾದುವುದನ್ನು ಹೇಳಿಕೊಟ್ಟರು. "ನಿನ್ನ ಗಂಡ ಮುಂಗೋಪಿ ಇರಬಹುದು ಕಣೇ, ಕೈ ಮಾತ್ರ ಬಂಗಾರ" ಎಂದರು.

ಸಂಜೆ ಅಡುಗೆಮನೆಯ ಹಾಸುಗಲ್ಲುಗಳ ಸಂದಿಯಿಂದ ನೀರು ಎದ್ದಿತು. ಕಡಲು ಮನೆಯ ತಳವನ್ನೇ ಕೊರೆದಿತ್ತು. ಮುಂಬಾಗಿಲು ತೆರೆಯಲಿಲ್ಲ. ಕಿಟಕಿಯ ಅಗುಳಿ ತೆಗೆದೆ. ಕದಗಳು ಹೊರಕ್ಕೆ ತೆರೆಯುವಂಥವು. ಬೀದಿಯಲ್ಲಿ ಏರಿದ ನೀರು ಅವನ್ನು ಒತ್ತಿ ಹಿಡಿದಿತ್ತು. ಇಬ್ಬರೂ ಭುಜ ಕೊಟ್ಟು ನೂಕಿದೆವು. ಜಪ್ಪಯ್ಯ ಎನ್ನಲಿಲ್ಲ. ಪುಟ್ಟಿಯನ್ನು ಮಹಡಿಗೆ ಓಡಿಸಿದೆ. ಬೇಕರಿಯಮ್ಮನಿಗೆ ಮಂಡಿನೋವು, ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ನಾನು ಮೇಲಿನಿಂದ ಕೈ ಹಿಡಿದಿದ್ದೆ. "ಬಿಡೇ, ಮಗು ಹತ್ರ ಹೋಗು" ಎಂದರು. ಬಿಡಲಿಲ್ಲ. ಹಿಂದಿನ ಗೋಡೆ ಮೆಟ್ಟಿಲುಗಳನ್ನೂ ಎಳೆದುಕೊಂಡು ಕುಸಿಯಿತು. ಅವರ ಕೈ ಜಾರಿತು. ಬೆರಳಲ್ಲಿ ಇನ್ನೂ ಹಿಟ್ಟಿತ್ತು.

ನಮ್ಮಿಬ್ಬರನ್ನು ದೋಣಿಯವರು ಮಹಡಿಯ ಕಿಟಕಿಯಿಂದ ಇಳಿಸಿಕೊಂಡರು. ಬೇಕರಿಯಮ್ಮನ ದೇಹವನ್ನು ಮರುದಿನ ಹುಡುಕಿ ತೆಗೆದರು. ಈಗ ಮನೆಯೆಂದರೆ ಬೀದಿಯ ಕಡೆಯ ಗೋಡೆ ಒಂದೇ. ಅದರಲ್ಲಿ ಕೆಳಗಿನ ಕದಗಳು ಇನ್ನೂ ಮುಚ್ಚಿಕೊಂಡೇ ಇವೆ. ನಮ್ಮಂಥವರನ್ನು ಇರಿಸಿರುವ ಈ ಶಾಲೆಯಲ್ಲಿ ಪುಟ್ಟಿ ಯಾರಿಗೂ ಬಾಗಿಲು ಹಾಕಲು ಬಿಡುವುದಿಲ್ಲ. ಚಳಿಯೆಂದು ಜನ ಬೈದರೂ ಎದ್ದು ಹೋಗಿ ತೆರೆದಿಟ್ಟು ಬರುತ್ತಾಳೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿನವರಿಗೆ ಹೇಳಿ, ಅಷ್ಟೇ. ಕದ ಗಟ್ಟಿಯಾಗಿದೆ ಎಂದೇ ಹೇಳಿ. ಗಂಟೆ ಬಾರಿಸಿದಾಗ ಅದನ್ನು ಹೊರಗಿನಿಂದ ಮುಚ್ಚಿ ಹೊರಟುಬಿಡಿ ಎನ್ನಿ. ಕೇಳುತ್ತಾರೆ ಎಂದು ನನಗನ್ನಿಸುವುದಿಲ್ಲ. ನೀವು ಹೇಳಿದಾಗ ನಾನು ಕೇಳಿದೆನೇ?

ನೀವು ಬರುವುದು ಬೇಡ. ನೋಡಲು ಏನೂ ಉಳಿದಿಲ್ಲ.

ಇಂತಿ,
ಪುಟ್ಟಿಯ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪುರಾತನ ಕಟ್ಟಡಗಳ ಕಚೇರಿಯವರು ಬಂದರು. ಗೋಡೆಯನ್ನೂ ಕದಗಳನ್ನೂ ನೋಡಿಕೊಂಡು ಬಂದರಂತೆ, ಬಾಯ್ತುಂಬ ಹೊಗಳಿದರು. ಬೀದಿಯಲ್ಲಿ ಉಳಿದ ಮನೆಗಳಿಗೆಲ್ಲ ಇಂಥವನ್ನೇ ಹಾಕಿಸುತ್ತಾರಂತೆ, ನಿಮ್ಮ ವಿಳಾಸ ಕೇಳಿದರು. ನನಗೆ ಗೊತ್ತಿಲ್ಲ ಎಂದುಬಿಟ್ಟೆ. ಪಕ್ಕದಲ್ಲಿ ಬೇಕರಿಯಮ್ಮನ ಮಗ ನಿಂತಿದ್ದ. ನನ್ನ ಕೈಯಲ್ಲಿದ್ದ ಲಕೋಟೆ ನೋಡಿ ಅವನೇ ಬರೆದುಕೊಟ್ಟ. ಮೊದಲ ಜೋಡಿ ತನ್ನ ಮನೆಗೇ ಆಗಬೇಕಂತೆ.