ಸಮರ್‌ಕಂದದಲ್ಲಿ ಉಡಿ ತುಂಬಿದ್ದು

ವೆರಿಬೀ, ಅಕ್ಟೋಬರ್ ೧೪, ಮಂಗಳವಾರ

ಸಮರ್‌ಕಂದದಿಂದ ವೆರಿಬೀಯ ಮನೆಗೆ ಬಂದರೂ ಕಾಲಿನ ಬಾವು ಇಳಿದಿಲ್ಲ. ಇರಲಿ, ಗೆದ್ದು ಬಂದ ಕಾಲು.

ಹೊರಡುವಾಗ ಮಗ ವಿರುಪಾಕ್ಷ ಪ್ಯಾಂಟು ತಂದುಕೊಟ್ಟು, "ಅವ್ವಾ, ಸೀರಿ ಉಟ್ಕೊಂಡು ಅಡ್ಡಾಡಿದ್ರ ಎಲ್ಲಾರೂ ನಿನ್ನ ನೋಡ್ತಾರ" ಅಂದಿದ್ದ.

"ನೋಡ್ಲಿ ಬಿಡೋ" ಅಂದು ಇಳಕಲ್ ಸೀರೆಯನ್ನೇ ಉಟ್ಟೆ.

ನೋಡಿದರು! ರೆಗಿಸ್ತಾನ್ ಚೌಕದ ನೀಲಿ ಗುಮ್ಮಟಗಳ ಮುಂದೆ ಫೋಟೋಕ್ಕೆ ನಿಂತಿದ್ದ ಮದುಮಗಳು, ಗಂಡನನ್ನು ಅಲ್ಲೇ ಬಿಟ್ಟು ಓಡಿಬಂದು ನನ್ನ ಸೆರಗು ಮುಟ್ಟಿದಳು. ಮದುಮಗಳನ್ನು ಬರಿಗೈಲಿ ಕಳಿಸಲಾದೀತೇ? ಅವಳ ಗೌನಿಗೆ ಸೆರಗಿಲ್ಲ. ಮುಸುಕನ್ನೇ ಒಡ್ಡಿಸಿ, ಬಜಾರಿನಲ್ಲಿ ಕೊಂಡ ಬಾದಾಮಿಯಿಂದ ಉಡಿ ತುಂಬಿದೆ. ಹಿಂದೆಯೇ ಅವಳ ಗೆಳತಿಯರೂ ಸ್ಕಾರ್ಫ್ ಒಡ್ಡಿಕೊಂಡು ಸಾಲಾಗಿ ನಿಂತರು. ಫೋಟೋ ತೆಗೆಯುವ ಕೆಲಸ ವಿರುಪಾಕ್ಷನಿಗೆ ಬಿತ್ತು.

ಈಗಷ್ಟೇ ಟಿವಿಯಲ್ಲಿ ಹಾಕಿ ನೋಡಿದೆವು. ಒಂದು ಫೋಟೋದಲ್ಲೂ ಮಿನಾರು ಪೂರ್ತಿ ಬಂದಿಲ್ಲ. ನಾನು ಎಲ್ಲದರಲ್ಲೂ ಪೂರ್ತಿ ಬಂದಿದ್ದೇನೆ.